ಬಾವಿಯ ಕಂತು ನೋಡಿದ ಕೈಗಳು

ಬಾವಿಯ ಕಂತು ಬಂದಾಗ ನನಗೆ ಅರವತ್ತೊಂದು ವಯಸ್ಸು. ಇದು ಎಂಟು ವರ್ಷದ ಹಿಂದಿನ ಮಾತು.

ಈಗ ಕೆಲಸ ಬಿಟ್ಟಿದ್ದೇನೆ. ನಾನು ಬಿಟ್ಟೆ ಅನ್ನುವುದಕ್ಕಿಂತ ನನ್ನ ಮೊಣಕಾಲು ಬಿಡಿಸಿತು. ನೆಲದ ಮೇಲೆ ಕೂರಲು ಆಗದವರಿಗೆ ಈ ಕೆಲಸವಿಲ್ಲ. ಹೊಸದಾಗಿ ಹುಡುಗಿಯರು ಸೇರಿದ್ದಾರೆ, ಅವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಆಫೀಸಿನ ಶೈಲಜಾ ಮೇಡಂ ಫೋನ್ ಮಾಡಿದರು. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದ ಕಡೆ ಪೆನ್ನು ನಿಂತುಬಿಡುತ್ತದೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ ಎಂದು ಹೇಳಿಯೇ ಬರೆಯಲು ಕೂತಿದ್ದೇನೆ.

ಕೆಲಸ ಇಷ್ಟೇ. ಧಾರಾವಾಹಿಯ ಕಂತು ಟಿವಿಯಲ್ಲಿ ಬರುವ ಮೊದಲೇ ಅದನ್ನು ಪೆನ್‌ಡ್ರೈವಿನಲ್ಲಿ ತಂದು ಕೆಲವು ಮನೆಗಳಲ್ಲಿ ಹಾಕಿ ತೋರಿಸಬೇಕು. ಜನ ಹೇಗೆ ನೋಡಿದರು ಎಂದು ಆಫೀಸಿಗೆ ಬಂದು ಹೇಳಬೇಕು. ಆಫೀಸು ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಅಲ್ಲಿಂದ ಬೆಂಗಳೂರಿಗೆ ವರದಿ ಹೋಗುತ್ತಿತ್ತು. ಅದನ್ನು ನೋಡಿ ಚಾನೆಲ್ಲಿನವರು ಬೇಕಾದದ್ದು ಇಟ್ಟುಕೊಂಡು ಬೇಡದ್ದನ್ನು ಕತ್ತರಿಸುತ್ತಿದ್ದರು. ದಾವಣಗೆರೆ ಮತ್ತು ಹರಿಹರ ನನ್ನ ಪಾಲಿನ ಊರುಗಳು.

ನಾನು ಮೊದಲು ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತುವ ಕಡೆ ಇದ್ದೆ. ಮಿಲ್ಲು ಮುಚ್ಚಿತು. ಆಮೇಲೆ ಮಂಡಕ್ಕಿ ಭಟ್ಟಿ. ಹೊಗೆಗೆ ಕೆಮ್ಮು ಹಿಡಿಯಿತು ಎಂದು ಆ ಆಫೀಸಿಗೆ ಕಸ ಹೊಡೆಯಲು, ಚಾ ಮಾಡಲು ಸೇರಿಕೊಂಡೆ. ಜೊತೆಗೆ ಒಂದು ಖಾನಾವಳಿಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದೆ. ಒಂದು ದಿನ ಮನೆಮನೆಗೆ ಹೋಗುವ ಹುಡುಗಿ ಬರಲಿಲ್ಲ. ಮೇಡಂ ನನ್ನನ್ನು ಕಳಿಸಿದರು. ನಾನು ಬೆಳ್ಳುಳ್ಳಿ ಬುಟ್ಟಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಟಿವಿ ನೋಡುತ್ತ ಕೂತವರ ಕೈ ಖಾಲಿ ಇರುತ್ತದಲ್ಲ, ನಾಲ್ಕು ಗಡ್ಡೆ ಬಿಡಿಸಲಿ, ನನ್ನ ಕೆಲಸ ಹಗುರಾಗಲಿ ಎಂದು ಎಲ್ಲರ ಮಡಿಲಿಗೂ ಒಂದೊಂದು ಹಿಡಿ ಹಾಕಿದೆ. ಅದರಲ್ಲಿ ಜಾಣತನ ಏನೂ ಇರಲಿಲ್ಲ, ಸೋಮಾರಿತನ ಇತ್ತು.

ತಿರುಗಿ ಬಂದಾಗ ಮೇಡಂ ಬುಟ್ಟಿ ನೋಡಿದರು. ಇಷ್ಟು ಯಾಕೆ ಹಾಗೇ ಉಳಿದಿದೆ ಎಂದರು. ಮದುವೆ ನಿಂತುಹೋಗುವ ಜಾಗ ಬಂದಾಗ ಯಾರೂ ಕೈ ಆಡಿಸಲಿಲ್ಲ, ದಂಡದ ಜನ ಎಂದು ನಾನು ಬೈದುಕೊಂಡೆ. ಮೇಡಂ ಕುರ್ಚಿಯಿಂದ ಎದ್ದು ನಿಂತರು. ಬೇರೆ ಯಾವ ಜಾಗದಲ್ಲಿ ಕೈ ನಿಂತಿತು, ಯಾವ ಜಾಗದಲ್ಲಿ ಜೋರಾಗಿ ಬಿಡಿಸಿದರು ಎಂದು ಕೇಳಿ ಕೇಳಿ ಬರೆದುಕೊಂಡರು. ಅವತ್ತಿನಿಂದ ಕಸ ಹೊಡೆಯುವ ಕೆಲಸ ಬೇರೆಯವರಿಗೆ ಹೋಯಿತು.

ಯಾಕೆಂದರೆ, ಮನೆಗೆ ಬಂದವರ ಮುಖದ ಮೇಲೆ ಚೆನ್ನಾಗಿಲ್ಲ ಅನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಕೇಳಿದರೆ ಎಲ್ಲರೂ ಚೆನ್ನಾಗೈತೆ ಬಿಡ್ರಿ ಅನ್ನುತ್ತಾರೆ. ಬಾಯಿ ಬಂದವರಿಗೆ ಉತ್ತರ ಕೊಡುತ್ತದೆ, ಕೈ ಟಿವಿಗೆ ಉತ್ತರ ಕೊಡುತ್ತದೆ. ಅದಕ್ಕೇ ನಾನು ಟಿವಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂರುತ್ತಿದ್ದೆ. ಎಷ್ಟೋ ಧಾರಾವಾಹಿಗಳ ನಾಯಕಿಯರ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಅಳು ಗೊತ್ತು, ನಗು ಗೊತ್ತು. ಟಿವಿಯ ಬೆಳಕು ನೋಡುವವರ ಮುಖದ ಮೇಲೆ ಬಿದ್ದು ನೀಲಿ, ಕೆಂಪು, ಮತ್ತೆ ನೀಲಿ ಆಗುತ್ತಿದ್ದರೆ ಅದೇ ನನಗೆ ಸಿನಿಮಾ.

ಎಡವಿದ್ದೂ ಇದೆ. ಹರಿಹರದಲ್ಲಿ ಒಂದು ಮನೆ, ಸೊಸೆಯಂದಿರೇ ತುಂಬಿದ ಮನೆ. ಒಂದು ಕಂತಿನ ಮಧ್ಯೆ ಎಲ್ಲರ ಕೈಯೂ ಒಟ್ಟಿಗೆ ನಿಂತುಬಿಟ್ಟವು. ಉಸಿರೂ ಇಲ್ಲ. ನಾನು ಓಡಿ ಬಂದು ಈ ಕಂತು ಊರು ಗೆಲ್ಲುತ್ತದೆ ಎಂದು ಮೇಡಂಗೆ ಹೇಳಿದೆ. ಅವರು ಹಾಗೇ ಬರೆದು ಕಳಿಸಿದರು. ಟಿವಿಯಲ್ಲಿ ಬಂದ ದಿನ ಅದನ್ನು ಯಾರೂ ಮೂಸಿ ನೋಡಲಿಲ್ಲ. ಆಮೇಲೆ ತಿಳಿಯಿತು, ಆ ಹೊತ್ತಿಗೆ ನನ್ನ ಬೆನ್ನ ಹಿಂದಿನ ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರಂತೆ. ಮನೆಯ ಕೆಲಸ ಬಿಟ್ಟು ಊರವರ ಬೆಳ್ಳುಳ್ಳಿ ಬಿಡಿಸುತ್ತೀರಾ ಎಂದು ಬೈಯುತ್ತಾರೆ ಎಂಬ ಹೆದರಿಕೆಗೆ ಸೊಸೆಯಂದಿರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದರು. ಮೇಡಂ ನನಗೆ ಒಂದೇ ಮಾತು ಹೇಳಿದರು. ಇನ್ನು ಮೇಲೆ ಮೊದಲು ಬಾಗಿಲು ನೋಡಿ ಕೆಂಚಮ್ಮ, ಆಮೇಲೆ ಕೈ ನೋಡಿ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ಆಫೀಸಿನಲ್ಲಿ ಮುಖ ಓದುವ ಕ್ಯಾಮೆರಾ ಬಂದಿದೆಯಂತೆ. ಹುಬ್ಬು ಎದ್ದದ್ದು, ತುಟಿ ಬಿಗಿದದ್ದು ಎಲ್ಲ ಅದೇ ಬರೆದುಕೊಳ್ಳುತ್ತದಂತೆ. ಬರೆದುಕೊಳ್ಳಲಿ. ಬಾಗಿಲಲ್ಲಿ ಅತ್ತೆ ನಿಂತದ್ದು ಅದಕ್ಕೆ ಕಾಣುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಇಷ್ಟು ವರ್ಷದಲ್ಲಿ ನಾನು ತೋರಿಸಿದ ಕಂತುಗಳಲ್ಲಿ ಮರೆಯಲು ಆಗದ್ದು ಒಂದೇ ಒಂದು. ಅದನ್ನು ಹೇಳುತ್ತೇನೆ.

ಅದು ಕಾಲದಿಂದ ಕಾಲಕ್ಕೆ ಹೋಗುವ ಹುಡುಗಿಯ ಧಾರಾವಾಹಿ. ಅವಳು ಮುಂದೆಂದೋ ಹುಟ್ಟಲಿರುವವಳು. ಕೈಯಲ್ಲಿ ಒಂದು ಬಳೆ. ಬಳೆ ತಿರುಗಿಸಿದರೆ ಬೇರೆ ಕಾಲಕ್ಕೆ ಹೋಗಿ ಬೀಳುತ್ತಾಳೆ. ಒಂದು ವಾರ ಚಂದ್ರನ ಮೇಲಿನ ಊರು, ಒಂದು ವಾರ ಸಮುದ್ರದ ಕೆಳಗಿನ ಪೇಟೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು, ದೊಡ್ಡವರು ಬೆಳ್ಳುಳ್ಳಿಯನ್ನೆಲ್ಲ ಬಿಡಿಸಿ ಮುಗಿಸುತ್ತಿದ್ದರು. ನನಗೆ ಲಾಭದ ಧಾರಾವಾಹಿ.

ಆ ವಾರದ ಕಂತನ್ನು ಮೇಡಂ ಮೊದಲು ಆಫೀಸಿನಲ್ಲೇ ನನಗೆ ಹಾಕಿ ತೋರಿಸಿದ್ದರು. ಅದರಲ್ಲಿ ಬಳೆ ಅವಳನ್ನು ಹಿಂದಕ್ಕೆ ಒಯ್ದಿತ್ತು. ನಮ್ಮ ಅಜ್ಜಿಯರು ಹುಡುಗಿಯರಾಗಿದ್ದ ಕಾಲ, ನಮ್ಮ ಕಡೆಯಂಥದೇ ಒಂದು ಊರು. ಹುಡುಗಿಗೆ ಬಾಯಾರಿಕೆ. ಬಾವಿಯ ಹತ್ತಿರ ಹೋಗಿ ನೀರು ಕೇಳುತ್ತಾಳೆ. ನೀನು ಯಾರ ಪೈಕಿ ಎಂದು ಕೇಳುತ್ತಾರೆ. ಅವಳ ಕಾಲದಲ್ಲಿ ಅದನ್ನು ಕೇಳುವುದೇ ಇಲ್ಲ, ಅವಳಿಗೆ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದವಳನ್ನು ಎಲ್ಲಿ ಕೂರಿಸಬೇಕು? ದೂರ ಕೂರಿಸಿದರು, ಊರಾಚೆಯ ಕೇರಿಯವರ ಜೊತೆ. ಅವರು ಬಾವಿ ಮುಟ್ಟುವಂತಿಲ್ಲ. ಯಾರಾದರೂ ಸೇದಿ ಸುರಿದರೆ ಬೊಗಸೆಯಲ್ಲಿ ಕುಡಿಯಬೇಕು. ಹುಡುಗಿಗೆ ಬೊಗಸೆಯಲ್ಲಿ ಕುಡಿಯಲು ಬರುವುದಿಲ್ಲ, ನೀರು ಮೈಮೇಲೆಲ್ಲ ಚೆಲ್ಲುತ್ತದೆ. ಪಕ್ಕದಲ್ಲಿ ಕೂತ ಹೆಂಗಸು ಕುಡಿದು ತೋರಿಸುತ್ತಾಳೆ. ಅಲ್ಲಿ ಮಾತಿಲ್ಲ, ಹಾಡಿಲ್ಲ, ಹಿಂದೆ ವಾದ್ಯವಿಲ್ಲ. ಕೊಡ ಬಾಗುತ್ತದೆ, ನೀರು ಬೀಳುತ್ತದೆ. ಎಷ್ಟು ಹೊತ್ತು! ಮರುದಿನ ಕೇರಿಯವರೆಲ್ಲ ತಮ್ಮ ತಮ್ಮ ಕೊಡ ತೆಗೆದುಕೊಂಡು ಬಾವಿಗೆ ಹೊರಡುತ್ತಾರೆ. ಏಟು ಬೀಳುತ್ತದೆ, ಕೋರ್ಟಿಗೆ ಹೋಗುತ್ತದೆ, ಕೊನೆಗೆ ಬಾವಿ ಎಲ್ಲರದ್ದಾಗುತ್ತದೆ ಎಂದು ಬಳೆ ಹುಡುಗಿಗೆ ಮೊದಲೇ ಹೇಳಿರುತ್ತದೆ. ಆದರೆ ಅವಳು ಯಾರಿಗೂ ಹೇಳುವಂತಿಲ್ಲ. ತಾನೂ ಒಂದು ಕೊಡ ಎತ್ತಿಕೊಂಡು ಅವರ ಜೊತೆ ನಡೆಯುತ್ತಾಳೆ. ಅಲ್ಲಿಗೆ ಕಂತು ಮುಗಿಯುತ್ತದೆ.

ಚಾನೆಲ್ಲಿನವರಿಗೆ ಅಂಜಿಕೆ ಇತ್ತು. ನೀರು ಸುರಿಯುವ ಜಾಗ ಬಹಳ ಉದ್ದವಾಯಿತು, ಜನ ಬೇರೆ ಚಾನೆಲ್ ಹಾಕುತ್ತಾರೆ, ಕೆಲವರಿಗೆ ಸಿಟ್ಟೂ ಬರುತ್ತದೆ, ಕತ್ತರಿಸಿಬಿಡೋಣ ಎಂದು. ಕೊನೆಯ ತೀರ್ಮಾನ ನಮ್ಮ ಊರುಗಳ ವರದಿ ನೋಡಿದ ಮೇಲೆ ಎಂದಿದ್ದರು.

ಮೊದಲು ಹೋದದ್ದು ಹರಿಹರಕ್ಕೆ, ಗುರುಬಸಮ್ಮನವರ ಮನೆಗೆ. ಹಳೇ ದೇವಸ್ಥಾನದ ಹಿಂದಿನ ಬೀದಿ, ಕಾಳಿನ ವ್ಯಾಪಾರದ ಮನೆತನ, ಹೊಲವೂ ಬೇಕಾದಷ್ಟು. ಗುರುಬಸಮ್ಮನವರಿಗೆ ಎಪ್ಪತ್ತೈದರ ಮೇಲೆ. ಹಣೆ ತುಂಬ ವಿಭೂತಿ, ನೆಟ್ಟಗೆ ಕೂರುವ ಬೆನ್ನು. ಬೆಳ್ಳುಳ್ಳಿ ಬಿಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಒಂದು ಸಿಪ್ಪೆ ನೆಲಕ್ಕೆ ಬೀಳುತ್ತಿರಲಿಲ್ಲ. ಅವತ್ತು ಅವರು, ಅವರ ಸೊಸೆ, ಪಕ್ಕದ ಮನೆಯವರು ಒಬ್ಬರು ಕೂತಿದ್ದರು.

ನೀರು ಸುರಿಯುವ ಜಾಗ ಬಂತು. ಸೊಸೆಯ ಕೈ ನಿಲ್ಲಲಿಲ್ಲ. ಪಕ್ಕದ ಮನೆಯವರು ಆಕಳಿಸಿದರು. ಗುರುಬಸಮ್ಮನವರ ಬಲಗೈ ಮಾತ್ರ ಮೆಲ್ಲಗೆ ಮೇಲೆದ್ದಿತು. ಹೆಗಲಿನ ಮಟ್ಟಕ್ಕೆ ಬಂದು ಮಣಿಕಟ್ಟು ಬಾಗಿತು. ಕೈಯಲ್ಲಿದ್ದ ಗಡ್ಡೆ ಉರುಳಿ ಹೋಯಿತು. ಅದೇ ಹೊತ್ತಿಗೆ ಎಡಗೈ ಸೀರೆಯ ನೆರಿಗೆಯನ್ನು ಹಿಂದಕ್ಕೆ ಎಳೆದುಕೊಂಡಿತು, ಎದುರಿಗೆ ಕೂತವರ ಮೇಲೆ ಬಿದ್ದ ನೀರು ತನಗೆ ಸಿಡಿಯಬಾರದು ಎಂಬ ಹಾಗೆ. ಕಣ್ಣು ಟಿವಿಯ ಮೇಲೇ ಇತ್ತು. ಕೈ ಏನು ಮಾಡುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ಅಷ್ಟು ವರ್ಷದ ಕೆಳಗಿನ ನೀರು ಇನ್ನೂ ಆ ಕೈಯಲ್ಲಿತ್ತು. ಕಾಲ ತಿರುಗಿಸಲು ಬಳೆ ಬೇಕಾಗಿಯೇ ಇರಲಿಲ್ಲ. ನಮ್ಮದು ಒಕ್ಕಲು ಮನೆ, ನಮ್ಮ ಅವ್ವನೂ ಹಾಗೇ ಸುರಿಯುತ್ತಿದ್ದಳು. ನೆರಿಗೆ ಎಳೆದುಕೊಳ್ಳುವುದು ನನಗೆ ಮರೆತೇ ಹೋಗಿತ್ತು. ಗುರುಬಸಮ್ಮನವರ ಕೈ ನೋಡಿದ ಮೇಲೆ ನೆನಪಾಯಿತು.

ಕಂತು ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದೆ. ಚೆನ್ನಾಗೈತೆ, ನೀರಿನದು ಸ್ವಲ್ಪ ಉದ್ದ ಆತು ಎಂದರು. ಹಾಗೆಲ್ಲ ನಮ್ಮ ಕಡೆ ಇರಲಿಲ್ಲ ಎಂದೂ ಸೇರಿಸಿದರು. ಸುಳ್ಳು ಹೇಳುವ ಮುಖವಲ್ಲ ಅದು. ನಿಜವಾಗಿಯೂ ಇರಲಿಲ್ಲ ಎಂದೇ ಅವರು ತಿಳಿದಿದ್ದರು.

ಎರಡನೆಯದು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆ. ಮಗ ಬ್ಯಾಂಕಿನಲ್ಲಿ, ಮೊಮ್ಮಗಳು ಸವಿತಾ ನರ್ಸಿಂಗ್ ಓದುತ್ತಿದ್ದಳು. ಅಜ್ಜಿ ಹನುಮವ್ವ ನನಗಿಂತ ದೊಡ್ಡವಳು. ಆದರೂ ನಾವಿಬ್ಬರೂ ಹೋಗೇ ಬಾರೇ ಅನ್ನುವಷ್ಟು ಸಲಿಗೆಯವರು. ನನ್ನನ್ನು ನೋಡಿದರೆ ಸಾಕು, ಬಂದ್ಲು ನೋಡು ಬೆಳ್ಳುಳ್ಳಿ ಸಾವ್ಕಾರ್ತಿ ಎಂದು ಅಣಕಿಸುತ್ತಿದ್ದಳು. ಅವತ್ತು ಟಿವಿಯ ಮುಂದೆ ಅವಳೊಬ್ಬಳೇ. ಸವಿತಾ ಒಳಗೆ ಓದುತ್ತಿದ್ದಳು.

ಕೊಡ ಬಾಗಿತು. ಹನುಮವ್ವನ ಬೆನ್ನೂ ಬಾಗಿತು. ಎರಡೂ ಕೈ ಕೂಡಿದವು, ಅಂಗೈಯ ಬುಡ ಬಾಯಿಗೆ ಒತ್ತಿತು, ಮೊಣಕೈ ಪಕ್ಕೆಗೆ ಅಂಟಿದವು. ಮಡಿಲಿನ ಬೆಳ್ಳುಳ್ಳಿ ಎಲ್ಲ ನೆಲಕ್ಕೆ ಚೆಲ್ಲಿತು. ಟಿವಿಯಲ್ಲಿ ನೀರು ಬೀಳುತ್ತಿತ್ತು, ಇಲ್ಲಿ ಅವಳ ಗಂಟಲು ಆಡುತ್ತಿತ್ತು. ಇಲ್ಲದ ನೀರನ್ನು ಅವಳು ನುಂಗುತ್ತಿದ್ದಳು.

ನಾನು ದೇವರು ಮೈಮೇಲೆ ಬಂದದ್ದನ್ನು ಉಕ್ಕಡಗಾತ್ರಿ ಜಾತ್ರೆಯಲ್ಲಿ ನೋಡಿದ್ದೇನೆ. ಅಲ್ಲಿ ಕೂಗಾಟ ಇರುತ್ತದೆ, ನನಗೆ ಅದರಲ್ಲಿ ಅರ್ಧ ನಂಬಿಕೆ, ಅರ್ಧ ಇಲ್ಲ. ಇದು ಹಾಗಲ್ಲ. ಸದ್ದೇ ಇಲ್ಲ. ಕೈಮುಗಿಯಬೇಕು ಅನ್ನಿಸಿತು. ಕೈಮುಗಿಯಲಿಲ್ಲ, ಉರುಳಿದ ಬೆಳ್ಳುಳ್ಳಿ ಆರಿಸುತ್ತ ಕೂತೆ.

ಆಮೇಲೆ ಬಾಗಿಲು ನೋಡಿದೆ. ಸವಿತಾ ಪುಸ್ತಕ ಹಿಡಿದು ನಿಂತಿದ್ದಳು. ನೋಡಿದ್ದಳು. ಏನೂ ಕೇಳದೆ ಒಳಗೆ ಹೋದಳು. ಅವಳು ಬಂದದ್ದೂ ಹೋದದ್ದೂ ಅಜ್ಜಿಗೆ ಗೊತ್ತಾಗಲಿಲ್ಲ.

ಹೊರಡುವಾಗ ಹನುಮವ್ವ ಗೇಟಿನ ತನಕ ಬಂದಳು. ಅಣಕ ಇರಲಿಲ್ಲ.

"ಕೆಂಚವ್ವ, ನೀ ನೋಡ್ದೆ."

"ನೋಡ್ದೆ."

"ಬರೀಬ್ಯಾಡ."

"ನಂಗೆ ಬರಿಯಾಕ ಬಂದ್ರೆ ತಾನೆ."

ಅವಳು ನಗಲಿಲ್ಲ. "ಜಾತಿ ಗೊತ್ತೈತೆ ಬಿಡು ಮೊಮ್ಮಗಳಿಗೆ, ಕಾಲೇಜಿನಾಗೆ ಬರ್ಸಿರ್ತಾಳೆ. ಇದು ಗೊತ್ತಿಲ್ಲ. ಗೊತ್ತಾದ್ರೆ ನಾಳೆಯಿಂದ ಅಜ್ಜಿ ಅಂದ್ರೆ ಆಕೆಗೆ ಬೊಗಸೆನೇ ಕಾಣ್ತೈತೆ. ನನ್ ಮುಖ ಕಾಣಂಗಿಲ್ಲ."

ನಾನು ಆಗಲಿ ಎಂದು ಮಾತು ಕೊಟ್ಟೆ. ಸವಿತಾ ನೋಡಿದ್ದನ್ನು ಹೇಳಲಿಲ್ಲ. ಅದು ಆ ಹುಡುಗಿ ಹೇಳಬೇಕಾದದ್ದು.

ಉಳಿದ ಮನೆಗಳಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಒಂದು ಮನೆಯ ಮಗು, ಆ ಅಕ್ಕ ಬಾಟಲಿ ಯಾಕ ತಂದಿಲ್ಲ ಎಂದು ಕೇಳಿತು. ಇನ್ನೊಂದು ಮನೆಯ ಯಜಮಾನರು, ಈಗ ಇದನ್ನೆಲ್ಲ ಕೆದಕೋದು ಯಾಕೆ ಎಂದು ಎದ್ದು ಹೋದರು. ಎಲ್ಲರ ಬಾಯಲ್ಲೂ ಒಂದೇ ಮಾತು, ನೀರಿನದು ಉದ್ದ ಆಯಿತು. ನನಗೂ ಉದ್ದ ಅನ್ನಿಸಿತ್ತು. ಆ ಎರಡು ಮನೆಯ ಕೈ ನೋಡಿರದಿದ್ದರೆ ನಾನೂ ಕತ್ತರಿಸಿ ಅನ್ನುತ್ತಿದ್ದೆ.

ಆಫೀಸಿನಲ್ಲಿ ಮೇಡಂ ಎಂದಿನಂತೆ ಕೈ ಏನು ಹೇಳಿದವು ಎಂದು ಕೇಳಿದರು. ಹರಿಹರದ ಒಂದು ಕೈಯ ವಿಷಯ ಹೆಸರು ಹೇಳದೆ ಹೇಳಿದೆ. ಮೇಡಂಗೆ ಅದರ ತೂಕ ಗೊತ್ತಾಗಿತ್ತು. ಆದರೆ ಕಂಪನಿಯ ರೂಲು ಅಡ್ಡ ಬಂತು. ಮನೆಯವರು ಒಪ್ಪಿ, ಹೆಸರು ಕೊಟ್ಟರೆ ಮಾತ್ರ ವರದಿಗೆ ಬೆಲೆ. ಹೆಸರಿಲ್ಲದೆ ಬರೆದರೆ ಶೈಲಜಾ ಕೂತಲ್ಲೇ ಕತೆ ಕಟ್ಟಿದ್ದಾಳೆ ಅನ್ನುತ್ತಾರೆ, ಉದ್ದ ಆಯಿತು ಎಂದವರೆಲ್ಲ ಹೆಸರು ಕೊಟ್ಟಿದ್ದಾರೆ ಎಂದರು. ಎರಡು ದಿನ ಕಾಯುತ್ತೇನೆ, ಆಮೇಲೆ ಕಳಿಸಲೇಬೇಕು ಎಂದರು.

ನಾನು ಅವತ್ತೇ ಆಟೋ ಹತ್ತಿ ಹನುಮವ್ವನ ಮನೆಗೆ ಹೋದೆ. ಒತ್ತಾಯ ಮಾಡಲು ಅಲ್ಲ. ವಿಷಯ ಮುಚ್ಚಿಡುವುದು ನನಗೆ ಬರುವುದಿಲ್ಲ, ಅಷ್ಟೆ. ನಿನ್ನ ಮಾತು ಉಳಿಸಿದ್ದೇನೆ, ಆ ನೀರು ಕತ್ತರಿಸಿ ಬಿಸಾಕುತ್ತಾರೆ, ಟಿವಿಯಲ್ಲಿ ಹುಡುಗಿಗೆ ಬಾಯಾರಿಕೆ ಆಗುತ್ತದೆ, ಮರುಕ್ಷಣ ಎಲ್ಲರೂ ಕೊಡ ಹಿಡಿದು ನಡೆಯುತ್ತಾರೆ, ಯಾಕೆ ನಡೆದರು ಅಂತ ಯಾರಿಗೂ ತಿಳಿಯುವುದಿಲ್ಲ ಎಂದೆ. ಹನುಮವ್ವ ಎದ್ದು ಒಲೆ ಹಚ್ಚಿದಳು. ಚಾ ಕೊಟ್ಟಳು. ಕುಡಿದು ಬಂದೆ.

ಮಾರನೇ ದಿನ ಮಧ್ಯಾಹ್ನ ಆಫೀಸಿನ ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು ಕೇಳಿತು. ಹನುಮವ್ವ. ಹಿಂದೆ ಸವಿತಾ, ಅಜ್ಜಿಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಚಪ್ಪಲಿ ಹಾಕಿಕೊಂಡು ಹತ್ತಿದರೆ ಜಾರುತ್ತದೆಂದು ಅಜ್ಜಿ ಬಿಟ್ಟಿದ್ದಳಂತೆ. ಹಿಂದಿನ ಸಂಜೆ ಮೊಮ್ಮಗಳೇ ಮೊದಲು ಬಾಯಿ ಬಿಟ್ಟಿದ್ದಳು. ನಾನು ನೋಡಿದೆ ಅಜ್ಜಿ, ನೀನಾಗಿ ಹೇಳ್ತೀ ಅಂತ ಕಾಯ್ತಿದ್ದೆ ಎಂದಳಂತೆ. ಅಲ್ಲಿ ಇಬ್ಬರ ನಡುವೆ ಏನೇನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.

ಹನುಮವ್ವ ಕೂತು ಉಸಿರು ಎಳೆದುಕೊಂಡಳು. "ಮೇಡಮ್ಮಾರೆ, ಆ ನೀರಿಂದು ಇನ್ನೊಂದು ಸಲ ಹಾಕ್ರಿ" ಎಂದಳು.

ಮೇಡಂ ಹಾಕಿದರು. ಈ ಸಲ ಹನುಮವ್ವನ ಕೈ ಮೊಣಕಾಲಿನ ಮೇಲೇ ಇದ್ದವು. ಕಣ್ಣು ಕಿರಿದು ಮಾಡಿ, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ನೋಡಿದಳು.

"ತಪ್ಪೈತೆ" ಎಂದಳು. "ಅಷ್ಟು ಹತ್ರ ಹಿಡಿಯಂಗಿಲ್ಲ. ಕೊಡ ಇನ್ನೂ ಮ್ಯಾಲೆ ಇರ್ಬೇಕು. ಇಷ್ಟು ಹತ್ರ ಸುರಿದಿದ್ರೆ ನಾವ್ಯಾಕ ಕೊಡ ಹೊತ್ಕೊಂಡು ಬಾವಿಗೆ ಹೋಗ್ತಿದ್ವಿ."

ಮೇಡಂ ಅದನ್ನು ಬರೆದುಕೊಳ್ಳಲು ಹೊರಟರು. ಹನುಮವ್ವ ಕೈ ಅಡ್ಡ ಹಿಡಿದಳು. ಬರೆದರೆ ತಿಳಿಯಂಗಿಲ್ಲ, ತೋರಿಸ್ತೀನಿ ಎಂದಳು. ನನ್ನ ಕಡೆ ತಿರುಗಿ ಚೊಂಬಿನಲ್ಲಿ ನೀರು ತಾ ಎಂದಳು. ತಂದೆ. ಫೈಲು ತೆಗೆಯಲು ಒಂದು ಸ್ಟೂಲು ಇತ್ತು. ಸವಿತಾಳನ್ನು ಅದರ ಮೇಲೆ ಹತ್ತಿಸಿದಳು. ತಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು.

"ಸುರಿ" ಎಂದಳು.

ಅಜ್ಜಿಯ ಮೇಲೆ ನೀರು ಸುರಿಯಲು ಯಾವ ಮೊಮ್ಮಗಳಿಗೆ ಮನಸ್ಸು ಬಂದೀತು? ಸವಿತಾ ಚೊಂಬನ್ನು ಕೆಳಗೆ ಕೆಳಗೆ ತಂದಳು.

"ಕೈ ಇಳಿಸಬ್ಯಾಡ. ನೀ ಈಗ ನನ್ ಮೊಮ್ಮಗಳಲ್ಲ. ಮ್ಯಾಲಿಂದ ಸುರಿ."

ಸವಿತಾ ಕೈ ಎತ್ತಿದಳು. ನೀರು ಬಿತ್ತು. ಮೊದಲು ಸಣ್ಣಗೆ, ಆಮೇಲೆ ಕೈ ತಪ್ಪಿ ದಪ್ಪಗೆ, ಅತ್ತ ಇತ್ತ ಅಲುಗಾಡುತ್ತ. ಹನುಮವ್ವನ ಬೊಗಸೆ ಆ ಧಾರೆಯ ಹಿಂದೆಯೇ ಹೋಗುತ್ತಿತ್ತು. ನೀರು ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಬೆರಳು ಹೊಲಿದ ಹಾಗಿದ್ದವು. ಗಂಟಲು ನಿಲ್ಲದೆ ಆಡುತ್ತಿತ್ತು, ನಡುವೆ ಉಸಿರು ಎಲ್ಲಿ ಎಳೆದಳೋ ತಿಳಿಯಲಿಲ್ಲ. ಚೊಂಬು ಖಾಲಿಯಾಯಿತು. ಒರೆಸಲೆಂದು ನಾನು ಬಟ್ಟೆ ಹಿಡಿದು ನಿಂತಿದ್ದೆ. ನೆಲ ಒಣಗಿಯೇ ಇತ್ತು. ಅವಳ ಮೊಣಕೈ ಒಣಗಿಯೇ ಇತ್ತು. ಸೀರೆಯ ಮೇಲೆ ಒಂದು ಹನಿ ಇರಲಿಲ್ಲ.

ತಾವು ಎದ್ದು ನಿಂತದ್ದು ಮೇಡಂಗೇ ಗೊತ್ತಿರಲಿಲ್ಲ. ಸವಿತಾ ಖಾಲಿ ಚೊಂಬನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೇ ನಿಂತಿದ್ದಳು. ಅವಳು ಅಜ್ಜಿಯನ್ನು ನೋಡುತ್ತಿದ್ದ ಮುಖವನ್ನು ನಾನು ನೋಡಿದೆ, ಮುಖ ನೋಡುವುದೇ ನನ್ನ ಕೆಲಸವಲ್ಲವೆ. ಹನುಮವ್ವ ಹೆದರಿದ್ದು ಸುಳ್ಳಾಯಿತು. ಆ ಹುಡುಗಿಗೆ ಬೊಗಸೆಯೂ ಕಾಣುತ್ತಿತ್ತು, ಮುಖವೂ ಕಾಣುತ್ತಿತ್ತು. ಹಗ್ಗದ ಮೇಲೆ ನಡೆಯುವವರನ್ನು ಮಕ್ಕಳು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು.

ಹನುಮವ್ವ ಗೋಡೆ ಹಿಡಿದು ಎದ್ದಳು. "ಈಗ ಬರ್ಕೊಳ್ರಿ. ಹೆಸರು ಹಾಕಿ ಬರ್ಕೊಳ್ರಿ."

ಮೇಡಂ ಬರೆದುಕೊಂಡು ಓದಿ ಹೇಳಿದರು. ಹನುಮವ್ವ ಕೇಳಿಸಿಕೊಂಡಳು. ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ಕುಡಿದಾಕೆ ಹೆಸರು ಬರ್ಕೊಂಡ್ರಿ. ಸುರಿದೋರ ಹೆಸರು?"

ಅವಳಿಗೆ ಹರಿಹರದ ಕೈಯ ವಿಷಯ ಗೊತ್ತಿರಲಿಲ್ಲ, ನಾನು ಯಾರಿಗೂ ಹೆಸರು ಹೇಳಿರಲಿಲ್ಲ. ಕೇಳಬೇಕು ಅನ್ನಿಸಿತು, ಕೇಳಿದಳು. ಉತ್ತರಕ್ಕೆ ಕಾಯದೆ ಇಳಿದು ಹೋದಳು. ಮೇಡಂ ನನ್ನ ಮುಖ ನೋಡಿದರು. ನಾನು ಚೊಂಬು ತೊಳೆದಿಟ್ಟೆ.

ಆ ಕಂತು ಟಿವಿಯಲ್ಲಿ ಬಂದ ಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕತ್ತರಿಸದೆ ಹಾಕಿದರು. ಹೊಸದಾಗಿ ಚಿತ್ರೀಕರಣ ಮಾಡಲು ಆಗುವುದಿಲ್ಲ ಎಂದು ಕೊಡವನ್ನು ಮಾತ್ರ ಮೇಲೆತ್ತಲಿಲ್ಲ. ಇನ್ನೂ ಕೆಳಗೇ ಐತೆ ಎಂದು ಹನುಮವ್ವ ನನ್ನ ಮೇಲೆ ಸಿಟ್ಟಾದಳು, ನಾನೇ ಹಿಡಿದುಕೊಂಡಿದ್ದೆನೋ ಎಂಬಂತೆ. ಆಫೀಸಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಬೈದವರು ಇದ್ದರು. ಇದೆಲ್ಲ ಸುಳ್ಳು, ನಮ್ಮ ಊರಲ್ಲಿ ನಡೆದೇ ಇಲ್ಲ ಎಂದವರು ಇದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರ ಕೈ ಆಗ ಏನು ಮಾಡುತ್ತಿತ್ತೋ ಎಂದುಕೊಂಡೆ. ಮಾತಾಡದೆ ಫೋನ್ ಹಿಡಿದುಕೊಂಡೇ ಇದ್ದವರೂ ಇದ್ದರು. ಅವರು ಉಸಿರಾಡುವುದು ಕೇಳಿಸುತ್ತಿತ್ತು. ಇಡಬ್ಯಾಡ್ರಿ, ಕೂತಿದ್ದೀನಿ ಎಂದು ನಾನು ಹೇಳುತ್ತಿದ್ದೆ.

ಅದು ಆಮೇಲಿನ ಮಾತು. ಹನುಮವ್ವ ನೀರು ಕುಡಿದು ತೋರಿಸಿದ ಮರುದಿನ ಬೆಳಿಗ್ಗೆ ನಾನು ಹರಿಹರದ ಬಸ್ಸು ಹತ್ತಿದೆ. ಗುರುಬಸಮ್ಮನವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ಇವತ್ತು ಯಾವ ಕಂತು ತಂದೆ ಎಂದರು. ಕಂತಿಲ್ಲ ಎಂದೆ. ಬೆಳ್ಳುಳ್ಳಿ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟೆ. ಅವರ ಕೈ ಮೇಲೆದ್ದದ್ದು, ನೆರಿಗೆ ಎಳೆದುಕೊಂಡದ್ದು, ಎಲ್ಲ ಇದ್ದ ಹಾಗೇ ಹೇಳಿದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ದಾವಣಗೆರೆಯಲ್ಲಿ ಒಬ್ಬಳು ಮೇಲಿಂದ ಸುರಿದ ನೀರನ್ನು ಒಂದು ಹನಿ ಚೆಲ್ಲದೆ ಕುಡಿದು ತೋರಿಸಿದಳು, ತನ್ನ ಹೆಸರು ಬರೆಸಿದಳು, ಸುರಿದವರ ಹೆಸರು ಕೇಳಿ ಹೋದಳು ಎಂದೆ. ನನ್ನ ಮಾತು ಅಲ್ಲಿಗೆ ಮುಗಿಯಿತು.

ಗುರುಬಸಮ್ಮನವರು ಒಂದು ಗಡ್ಡೆ ತೆಗೆದುಕೊಂಡು ಬಿಡಿಸಲು ಶುರು ಮಾಡಿದರು. ಅದು ಮುಗಿಯಿತು. ಇನ್ನೊಂದು ತೆಗೆದುಕೊಂಡರು.

"ಆಕೆ ಒಂದು ಹನಿನೂ ಚೆಲ್ಲಲಿಲ್ವಾ?"

"ಇಲ್ರಿ."

"ನಾವು ಹುಡುಗೇರು ಬೇಕಂತ್ಲೇ ಜೋರಾಗಿ ಸುರೀತಿದ್ವಿ. ಮೂಗಿಗೆ ಹೋಗ್ಲಿ, ಕೆಮ್ಲಿ ಅಂತ. ಕೆಮ್ಮಿದ್ರೆ ನಗ್ತಿದ್ವಿ." ಅವರ ಉಗುರಿನಡಿ ಸಿಪ್ಪೆ ಸಿಕ್ಕಿಕೊಂಡಿತ್ತು, ಬಿಡಿಸಲಿಲ್ಲ. "ಅದಕ್ಕೇ ಕಲ್ತಿರ್ತಾರೆ."

ಒಳಗಿನಿಂದ ಸೊಸೆ ಅತ್ತೇರೆ, ತಿಂಡಿಗೆ ಬರ್ರಿ ಎಂದು ಕರೆದಳು. ಅವರು ಅಲುಗಾಡಲಿಲ್ಲ.

"ಬರ್ಕೊ" ಎಂದರು.

"ಬರ್ಕೊಳ್ಳೋರು ಮೇಡಮ್ಮಾರು. ನಂಗೆ ಬಾಳ ನಿಧಾನ ಬರ್ತೈತ್ರಿ."

"ನಿಧಾನನೇ ಬರಿ. ನಾ ಎಲ್ಲಿಗೂ ಹೋಗಲ್ಲ."

ಚೀಲದಲ್ಲಿ ಪೆನ್ನು ಇತ್ತು. ಕಾಗದವನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ. ಅವರ ಹೆಸರಿನ ಕೊನೆಯ ಒತ್ತಕ್ಷರದ ಹತ್ತಿರ ಪೆನ್ನು ನಿಂತಿತು. ಅವರು ಮುಂದೆ ಬಾಗಿ ನೋಡುತ್ತಿದ್ದರು. ಒತ್ತು ಹಾಕಿದೆ. ಅದರ ಕೆಳಗೆ, ಸುರಿದ ಕೈ, ಎಂದು ಬರೆದೆ.